ಹಿಂದಿನ ಸೀಟಿನ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚು ಪಡುವುದರಲ್ಲೂ ಒಂದು ರೀತಿ ರಿವಾಜು ಇದೆ ಎಂದು ನಂಬಿದವಳು ನಾನು. ಎದುರು ಮನೆಯಾಕೆ ಹೊಸ ಬೋರಮಾಳದ ಸರ ಹಾಕಿಕೊಂಡು, ಬೇಕೆಂದೇ ಬಾಗಿಲಲ್ಲಿ ನಿಂತು ಪುಂಡಿಪಲ್ಲೆ ಸೊಪ್ಪು ಕೊಂಡರೆ ನನ್ನ ಹೊಟ್ಟೆ ಉರಿಯುತ್ತದೆ. ಅದು ನ್ಯಾಯವಾದ ಉರಿ. ಊಟಕ್ಕೆ ಬಡಿಸುವಾಗ ಗಂಡನ ಕಿವಿಗೆ ಹಾಕಿದರೆ ಅರ್ಧ ಆರುತ್ತದೆ. ತಂಗಿಯ ಗಂಡನಿಗೆ ಬಡ್ತಿ ಸಿಕ್ಕರೂ ಉರಿಯುತ್ತದೆ. ಅದನ್ನು ತವರಿಗೆ ಹೋದಾಗ ಅವ್ವನ ಮುಂದೆ ಹೇಳಿ ಹಗುರಾಗಬಹುದು. ಆದರೆ ಹೆತ್ತ ಮಗಳ ಮೇಲೆ, ಅದೂ ಎರಡು ಜಡೆ ಹಾಕಿಕೊಂಡು ಈಗಷ್ಟೇ ಕಾಲೇಜಿನ ಮೆಟ್ಟಿಲು ಹತ್ತಿದ ಹದಿನಾರರ ಹುಡುಗಿಯ ಮೇಲೆ ಹೊಟ್ಟೆಕಿಚ್ಚಾದರೆ ಯಾರ ಮುಂದೆ ಹೇಳುವುದು? ಗಂಡನಿಗೆ ಹೇಳಿದರೆ ನಗುತ್ತಾರೆ. ಅತ್ತೆಗೆ ಹೇಳಿದರೆ ಓಣಿಗೆಲ್ಲ ಹಂಚಿಬರುತ್ತಾರೆ. ದೇವರಿಗೆ ಹೇಳಿಕೊಂಡರೆ ಏನಾಗುತ್ತದೆ ಎಂಬುದು ನನಗೆ ಅನುಭವದಿಂದ ಗೊತ್ತಾಗಿದೆ. ಉಳಿದವರು ನೀವೇ.

ಇದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾವಿದ್ದದ್ದು ಸಿಂಧನೂರಿನಲ್ಲಿ. ನನಗೆ ಗೊರೇಬಾಳದ ಶಾಲೆಯಲ್ಲಿ ಮಾಸ್ತರಿಕೆ. ನಮ್ಮ ಕಡೆ ಹೆಣ್ಣು ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ. ಹೆಸರು ದೊಡ್ಡದು, ಆದರೆ ಬಸ್ಸಿನ ಬಾಗಿಲಲ್ಲಿ ಅದು ನಡೆಯುವುದಿಲ್ಲ. ನಾಟಿ ಬಂದರೆ ಬಸ್ಸಿನ ತುಂಬ ಕೂಲಿಯವರು, ಸುಗ್ಗಿ ಬಂದರೆ ಕೂಲಿಯವರ ಜೊತೆಗೆ ಅವರ ಕುಡುಗೋಲುಗಳೂ. ಒಂದು ದಿನ ನಾನು ಇಳಿದಿದ್ದೆ, ನನ್ನ ಸೆರಗು ಮಾತ್ರ ಇನ್ನೂ ಬಸ್ಸಿನಲ್ಲೇ ಇತ್ತು. ಕಂಡಕ್ಟರ್ ಸೀಟಿ ಹೊಡೆದಿದ್ದರೆ ನನ್ನ ಮಾನದ ಗತಿ ಏನಾಗುತ್ತಿತ್ತೋ. ಈ ಸಂಗತಿ ಕೇಳಿ ನಮ್ಮವರ ಮನಸ್ಸು ಕರಗಿತು. ದೀಪಾವಳಿಗೆ ಸರಿಯಾಗಿ ಒಂದು ಕೆಂಪು ಮೊಪೆಡ್ ತಂದು ಅಂಗಳದಲ್ಲಿ ನಿಲ್ಲಿಸಿದರು.

"ನಿನಗಂತನ ತಂದೀನಿ. ಇನ್ನ ಮ್ಯಾಲ ಬಸ್ಸಿನವರ ಮುಂದ ಕೈ ಒಡ್ಡಬ್ಯಾಡ," ಎಂದರು. ಮದುವೆಯಾದ ಮೇಲೆ ಅವರು ನನಗೆಂದೇ ತಂದ ವಸ್ತುಗಳಲ್ಲಿ ಇದೇ ದೊಡ್ಡದು. ಗಾಡಿ ನನ್ನ ಹೆಸರಿನಲ್ಲಿ. ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟದ್ದು ನಾನು, ಕುಂಕುಮ ಹಚ್ಚಿದ್ದು ನಾನು, ಮುಂಭಾಗದಲ್ಲಿ 'ಶ್ರೀ ಅಂಬಾದೇವಿ ಪ್ರಸನ್ನ' ಎಂದು ಬರೆಸಿದ್ದು ನಾನು. ಮಸ್ಕಿಯಲ್ಲಿರುವ ತಂಗಿ ಸುಶೀಲಾಳಿಗೆ ಆ ವಾರವೇ ಹೇಳಿ ಕಳಿಸಿದೆ: ಮುಂದಿನ ಸಲ ನಿಮ್ಮ ಮನೆಗೆ ಬಸ್ಸಿಳಿದು ಬರುವ ಅಕ್ಕ ಬರುವುದಿಲ್ಲ, ತನ್ನ ಗಾಡಿ ತಾನೇ ಹೊಡೆದುಕೊಂಡು ಬರುವ ಅಕ್ಕ ಬರುತ್ತಾಳೆ. ಗಂಡನ ಬಡ್ತಿಯ ಸಿಹಿಯನ್ನು ಅವಳು ಓಣಿಗೆಲ್ಲ ಹಂಚಿದ್ದಳಲ್ಲ, ಅದಕ್ಕೆ ಇದು ನನ್ನ ಉತ್ತರ.

ಕಲಿಯಲು ಭಾನುವಾರ ಸಂಜೆ ಗಂಜ್‌ಗೆ ಹೋದೆವು. ವಾರವೆಲ್ಲ ನೆಲ್ಲಿನ, ಅಂದರೆ ಭತ್ತದ ಚೀಲ, ಲಾರಿ, ಹಮಾಲರಿಂದ ಗಿಜಿಗುಡುವ ಆ ಬಯಲು ಭಾನುವಾರ ಖಾಲಿ ಬಿದ್ದಿರುತ್ತದೆ. ನಮ್ಮವರು ಹಿಂದೆ ಕ್ಯಾರಿಯರ್ ಹಿಡಿದು ಓಡುವುದು, ನಾನು ಮುಂದೆ ಕಿರುಚುವುದು, ಮಗಳು ಗಿರಿಜಾ ಒಂದು ಕಟ್ಟೆಯ ಮೇಲೆ ಕೂತು ಮಿರ್ಚಿ ತಿನ್ನುತ್ತ ನೋಡುವುದು, ಹೀಗೆ ಕೆಲಸ ಹಂಚಿಕೆಯಾಯಿತು. ನನ್ನ ಕೈಗೆ ಒಂದು ವಿಚಿತ್ರ ಸ್ವಭಾವವಿದೆ. ಹೆದರಿದಾಗ ಅದು ಹಿಡಿದದ್ದನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ತಿರುವುತ್ತದೆ. ಮೊಪೆಡ್ಡಿನಲ್ಲಿ ಬಲಗೈ ತಿರುವಿದರೆ ಗಾಡಿ ಇನ್ನೂ ಜೋರಾಗುತ್ತದೆ. ಜೋರಾದರೆ ನನಗೆ ಇನ್ನೂ ಹೆದರಿಕೆ. ಇದಕ್ಕೆ ಕೊನೆ ಎಲ್ಲಿ? ಮೊದಲ ದಿನ ಕೊನೆ ಬಂದದ್ದು ಗಂಜ್‌ನ ಕಾಂಪೌಂಡ್ ಗೋಡೆಯಲ್ಲಿ.

"ಅವ್ವಾ, ಹೆದರಿಕಿ ಬಂದಾಗ ಹಿಡಿ ತಿರುವಬ್ಯಾಡ. ಬಿಟ್ಟುಬಿಡು, ತಾನ ನಿಂದರತೈತಿ," ಎಂದು ಕಟ್ಟೆಯ ಮೇಲಿಂದ ಉಪದೇಶ ಬಂತು.

"ನೀ ಮಿರ್ಚಿ ತಿನ್ನು," ಎಂದೆ.

ನಮ್ಮವರು ಏದುಸಿರು ಬಿಡುತ್ತ ನೆಲಕ್ಕೆ ಕೂತುಬಿಟ್ಟಿದ್ದರು. "ಗಿರಿಜಾ, ಆ ಗಾಡಿ ತಿರುವಿ ಇತ್ತಾಗ ತಂದು ನಿಂದರಸವ್ವಾ," ಎಂದರು ಅಷ್ಟೆ. ತಳ್ಳಿಕೊಂಡು ಬಾ ಎಂಬುದು ಅವರ ಅರ್ಥ. ಅವಳು ಎಣ್ಣೆಗೈಯನ್ನು ಲಂಗಕ್ಕೆ ಒರೆಸಿಕೊಂಡು, ಪೆಡಲ್ ತುಳಿದು ಶುರು ಮಾಡಿ, ಗಂಜ್‌ಗೆ ಒಂದು ದೊಡ್ಡ ಸುತ್ತು ಹಾಕಿ, ನಮ್ಮ ಮುಂದೆ ಬಂದು ಮೆಲ್ಲಗೆ ನಿಲ್ಲಿಸಿದಳು. ಯಾರೂ ಹಿಂದೆ ಓಡಲಿಲ್ಲ, ಯಾರೂ ಕಿರುಚಲಿಲ್ಲ. ನಮ್ಮವರ ಮುಖದಲ್ಲಿ ಆಗ ಒಂದು ಬೆಳಕು ಬಂತು ನೋಡಿ! ನಾನು ಅವರಿಗೆ ಮಗಳನ್ನು ಹೆತ್ತುಕೊಟ್ಟ ದಿನವೂ ಆ ಬೆಳಕು ಬಂದಿರಲಿಲ್ಲ. ನನ್ನ ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು ಆ ಗಳಿಗೆಯಲ್ಲಿ.

ಕಿಚ್ಚಿಗೆ ತುಪ್ಪ ಸುರಿದವರು ಅತ್ತೆ. ಗಾಡಿ ಬಂದ ದಿನವೇ ಅವರು ನನಗೆ ಹೇಳಿಬಿಟ್ಟಿದ್ದರು: "ನೀ ನಡಸೂ ಗಾಡಿ ಮ್ಯಾಲ ನಾ ಹತ್ತಂಗಿಲ್ಲವ್ವಾ. ನನಗಿನ್ನಾ ಮೊಮ್ಮಗಳ ಲಗ್ನ ನೋಡೂದೈತಿ." ಅದೇ ಅತ್ತೆ, ಎತ್ತಿನ ಬಂಡಿ ಬಿಟ್ಟರೆ ಬೇರೆ ಯಾವುದನ್ನೂ ನಂಬದ ಅತ್ತೆ, ಮುಂದಿನ ಸೋಮವಾರ ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಮೊಮ್ಮಗಳ ಹಿಂದೆ ಹತ್ತಿ ಕೂತು ಸಂತೆಗೆ ಹೋಗಿಬಂದರು. ಬಂದವರು ಅಂಗಳದಲ್ಲಿ ನಿಂತು, ನನಗೆ ಕೇಳಿಸುವ ಹಾಗೆ, ಎದುರು ಮನೆಯ ಬೋರಮಾಳದಾಕೆಗೆ ಹೇಳಿದರು: "ಹೂವಿನಂಗ ಒಯ್ದು ಹೂವಿನಂಗ ತಂದಾಳ ನೋಡವ್ವಾ. ಹೊಟ್ಟ್ಯಾಗಿನ ನೀರು ಅಳ್ಳಾಡಲಿಲ್ಲ."

ಅಂದಿನಿಂದ ನಾನು ಒಂದು ಸಿದ್ಧಾಂತ ಹಿಡಿದೆ. ಹದಿಹರೆಯದವರ ಕೈಯಲ್ಲಿ ಗಾಡಿ ಕೊಡಬಾರದು. ಅವರಿಗೆ ಕಾಲು ಉದ್ದವಾಗಿರುತ್ತದೆ, ತಿಳಿವಳಿಕೆ ಉದ್ದವಾಗಿರುವುದಿಲ್ಲ. ಸರ್ಕಾರ ಹದಿನಾರು ತುಂಬಿದವರಿಗೆ ಗೇರಿಲ್ಲದ ಗಾಡಿಯ ಲೈಸೆನ್ಸ್ ಕೊಡುತ್ತದೆ ನಿಜ, ಆದರೆ ಸರ್ಕಾರಕ್ಕೆ ಹದಿನಾರರ ಮಕ್ಕಳಿಲ್ಲ. ಇದನ್ನು ನಾನು ಮುಂಜಾನೆ ರೊಟ್ಟಿ ಬಡಿಯುತ್ತ ಹೇಳಿದೆ, ರಾತ್ರಿ ರೊಟ್ಟಿ ಬಡಿಸುತ್ತ ಹೇಳಿದೆ. ಬಸ್ಸಿನ ಕಿಟಕಿಯಿಂದ ಕಂಡದ್ದನ್ನೆಲ್ಲ ಸಾಕ್ಷಿಯಾಗಿ ತಂದು ಒಪ್ಪಿಸಿದೆ. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಹುಡುಗರು ಮೀಸೆ ಮೂಡುವ ಮೊದಲೇ ಟ್ರ್ಯಾಕ್ಟರ್ ಹತ್ತಿ, ಟೇಪಿನಲ್ಲಿ ತೆಲುಗು ಹಾಡು ಹಚ್ಚಿ, ಒಂದೇ ಕೈಯಲ್ಲಿ ಹೊಡೆಯುತ್ತಾರೆ. ತುರ್ವಿಹಾಳದ ರಸ್ತೆಯಲ್ಲಿ ಇಬ್ಬರು ಹುಡುಗರು ಬೈಕಿನ ಮೇಲೆ ಹೋಗುತ್ತಲೇ ಬಾಚಣಿಗೆ ಬದಲಾಯಿಸಿಕೊಂಡದ್ದನ್ನು ಕಣ್ಣಾರೆ ಕಂಡೆ. "ಅಡ್ಡಾದಿಡ್ಡಿ ಹೋಗತಾವ, ಹೇಳದೆ ಕೇಳದೆ ಗಾಡಿ ಒಯ್ಯತಾವ, ಬಿದ್ದು ಬಂದ್ರ ಸುಳ್ಳು ಹೇಳತಾವ, ಬೈದ್ರ ಉಣ್ಣದ ಸಿಟ್ಟು ಮಾಡತಾವ. ಇವಕ್ಕ ಗಾಡಿ ಕೊಡೋದೇನ್ರೀ?" ಎಂದು ಕೇಳಿದೆ.

"ಅವು ಬ್ಯಾರೆ, ನಮ್ಮಾಕಿ ಬ್ಯಾರೆ," ಎಂದರು ನಮ್ಮವರು, ರೊಟ್ಟಿ ಮುರಿಯುತ್ತ.

ಬೇರೆಯಲ್ಲ ಎಂದು ಸಾಧಿಸಬೇಕಲ್ಲ. ಅಷ್ಟು ಹೊತ್ತಿಗೆ ಅಮ್ಮ ಮಗಳಿಬ್ಬರಿಗೂ ಕಲಿಯುವವರ ಲೈಸೆನ್ಸ್ ಆಗಿತ್ತು. ಅವಳು ಹಿಂದೆ ಅಪ್ಪನನ್ನು ಕೂರಿಸಿಕೊಂಡು ಕಾಲೇಜಿಗೆ ಹೋಗತೊಡಗಿದ್ದಳು. ಅಪ್ಪನಿಗಾದರೋ ಮಗಳು ತಪ್ಪು ಮಾಡಿದರೂ ಕಾಣುವುದಿಲ್ಲ. ಒಂದು ಶನಿವಾರ ಶಾಲೆ ಬಿಟ್ಟವಳೇ ಗುರುತಿನ ಮೆಹಬೂಬನ ಆಟೋ ಹತ್ತಿ, ಕಾಲೇಜಿನಿಂದ ಬರುತ್ತಿದ್ದ ಆ ಇಬ್ಬರ ಬೆನ್ನು ಹತ್ತಿದೆ. ಗಿರಿಜಾ ಎಮ್ಮೆ ಬಂದರೆ ನಿಲ್ಲಿಸುತ್ತಿದ್ದಳು, ಎಮ್ಮೆಯ ಕರು ಹಿಂದೆ ಉಳಿದಿದೆಯೇ ಎಂದು ನೋಡಿ ಮತ್ತೆ ಹೊರಡುತ್ತಿದ್ದಳು. ತಿರುವಿನಲ್ಲಿ ಖಾಲಿ ರಸ್ತೆಗೂ ಕೈ ತೋರಿಸಿದಳು. ಸ್ವಲ್ಪ ಹೊತ್ತಿಗೆ ಮೆಹಬೂಬನೇ ಸೋತುಹೋದ. "ಅಕ್ಕೋರ, ಇಷ್ಟು ಮೆಲ್ಲಕ ನನಗ ಹೊಡ್ಯಾಕ ಬರಂಗಿಲ್ರೀ. ಆಟೋ ಬಂದ್ ಬೀಳತೈತಿ," ಎಂದ. ಮಗಳು ಒಂದೂ ತಪ್ಪು ಮಾಡಲಿಲ್ಲವಲ್ಲ ಎಂದು ಮುಖ ಸಣ್ಣ ಮಾಡಿಕೊಂಡು ಮನೆಗೆ ಬಂದ ತಾಯಿ ಈ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಕೊನೆಗೆ ತಪ್ಪು ಹುಡುಕುವುದನ್ನು ಬಿಟ್ಟು ನಾನೇ ಕಲಿತು ತೋರಿಸುವುದೆಂದು ತೀರ್ಮಾನಿಸಿದೆ. ಒಂದು ರಜೆಯ ದಿನ, ನಮ್ಮವರು ಪೇಟೆಗೆ ಹೋದದ್ದನ್ನು ನೋಡಿ, ಯಾರಿಗೂ ಹೇಳದೆ ಗಾಡಿ ತಳ್ಳಿಕೊಂಡು ಓಣಿ ದಾಟಿ, ಗೊರೇಬಾಳದ ದಾರಿ ಹಿಡಿದೆ. ತಣ್ಣನೆಯ ಗಾಳಿ, ಖಾಲಿ ರಸ್ತೆ. ಮಸ್ಕಿಯ ತಂಗಿಯ ಮನೆಯ ಮುಂದೆ ಹಾರ್ನ್ ಹೊಡೆಯುತ್ತಿರುವ ಹಾಗೆ ಕನಸೂ ಬಿತ್ತು. ಅಷ್ಟರಲ್ಲಿ ಮುಂದೆ ನೋಡುತ್ತೇನೆ, ಡಾಂಬರು ರಸ್ತೆಯ ತುಂಬ ತೊಗರಿ ಗಿಡ ಹಾಸಿದ್ದಾರೆ. ಕಾಯಿ ಇನ್ನೂ ಗಿಡದಲ್ಲೇ ಇವೆ. ತಿನ್ನುವ ಕಾಳಿನ ಮೇಲೆ ಕಾಲಿಡಬಾರದೆಂದು ಮಕ್ಕಳಿಗೆ ಹೇಳುವವಳು ನಾನು, ಗಾಲಿ ಇಡುವುದು ಹೇಗೆ? ಭಕ್ತಿಯಿಂದ ಪಕ್ಕಕ್ಕೆ ತಿರುಗಿಸಿದೆ. ಪಕ್ಕದಲ್ಲಿ ರಸ್ತೆ ಇರಲಿಲ್ಲ, ಹೊಲಗಾಲುವೆ ಇತ್ತು. ಗಾಡಿಯೂ ನಾನೂ ಅದರ ಕೆಸರಿನಲ್ಲಿ ಕೂತೆವು.

ಹೊಲದಲ್ಲಿದ್ದ ಹೆಂಗಸರು ಓಡಿಬಂದು ಎತ್ತಿದರು. "ಅಯ್ಯ ಅಕ್ಕೋರ, ಸುತ್ತಾಕ ಯಾಕ ಹೋದ್ರೀ? ಗಾಡಿ ಹಾಯಲಿ ಅಂತನ ಹಾಸೀವ್ರಿ," ಎಂದಳು ಒಬ್ಬಾಕೆ, ನನ್ನ ಬೆನ್ನಿನ ಕೆಸರು ಒರೆಸುತ್ತ. "ಬಸ್ಸು ಲಾರಿ ಹಾದು ಹಾದು ಕಾಳು ಉದರತಾವ್ರೀ. ನಮಗ ಬಡ್ಯೂದು ಉಳೀತೈತಿ."

ಇಷ್ಟು ವರ್ಷ ಅದೇ ರಸ್ತೆಯಲ್ಲಿ ಬಸ್ಸಿನಲ್ಲಿ ಓಡಾಡಿದ್ದೆ. ಬಸ್ಸು ಅದರ ಮೇಲೆ ಹಾದಾಗೆಲ್ಲ ಡ್ರೈವರನಿಗೆ ಅನ್ನದ ಬೆಲೆ ಗೊತ್ತಿಲ್ಲ ಎಂದು ಒಳಗೊಳಗೇ ಬೈದುಕೊಂಡಿದ್ದೆ. ಇರಲಿ, ಈಗಲಾದರೂ ಗೊತ್ತಾಯಿತಲ್ಲ ಎಂದು ತೊಗರಿಯ ಮೇಲೆಯೇ ಗಾಡಿ ತಿರುಗಿಸಿದೆ. ಬರುವಾಗ ಕಾಲುವೆಯ ಸೇತುವೆ ದಾಟಿದ ಮೇಲೆ ಮತ್ತೆ ಕಾಳು, ಈ ಸಲ ನೆಲ್ಲು. ನಾನು ಆಕಡೆ ಹೋದ ಮೇಲೆ ಅರ್ಧ ರಸ್ತೆಗೆ ಬಂಗಾರದ ಹಾಗೆ ಹರವಿದ್ದರು. ಪಾಠ ಕಲಿತವಳು ನಾನು. ಎದೆಯುಬ್ಬಿಸಿ ಅದರ ನಟ್ಟನಡುವೆಯೇ ಹಾಯಿಸಿದೆ. ಅಷ್ಟೇ ಅಲ್ಲ, ರೈತನಿಗೆ ಇನ್ನೊಂದಿಷ್ಟು ಉಪಕಾರವಾಗಲಿ ಎಂದು ತಿರುಗಿ ಬಂದು ಮತ್ತೊಮ್ಮೆ ಹಾಯಿಸಿದೆ.

"ಏ! ಏ! ಯಾರದು!" ಎಂದು ಬಡಿಗೆ ಹಿಡಿದು ಓಡಿಬಂದವನು ನಮ್ಮ ಶಾಲೆಯ ಹುಡುಗನೊಬ್ಬನ ಅಪ್ಪ. ನನ್ನನ್ನು ಕಂಡು ಬಡಿಗೆ ಇಳಿಸಿದ, ದನಿ ಇಳಿಸಲಿಲ್ಲ. "ಅಕ್ಕೋರ! ಸುತ್ತಲ ಕಲ್ಲು ಇಟ್ಟಿದ್ದು ಕಾಣಲಿಲ್ಲೇನ್ರೀ? ನೆಲ್ಲು ಒಣಗಾಕ ಹಾಕೀನಿ, ತುಳಸಾಕಲ್ಲ! ನೀವ ಹಿಂಗ ಮಾಡಿದ್ರ ಹುಡುಗರಿಗೆ ಏನ್ ಕಲಸ್ತೀರಿ?"

ಮನೆಗೆ ಬಂದು ಗಾಡಿಯನ್ನು ಇದ್ದ ಜಾಗದಲ್ಲೇ ನಿಲ್ಲಿಸಿದೆ. ಪೆಡಲ್ ಯಾಕೆ ಸೊಟ್ಟಗಾಗಿದೆ ಎಂದು ನಮ್ಮವರು ಕೇಳಿದರು. ನಿಂತಲ್ಲೇ ಬಿತ್ತು ಎಂದೆ. ಸೀರೆಗೆ ಕೆಸರು ಎಲ್ಲಿಯದು ಎಂದರು. ಅದನ್ನೆತ್ತಲು ಹೋದಾಗ ಆಯಿತು ಎಂದೆ. ನಮ್ಮ ಅಂಗಳಕ್ಕೆ ಪರಸಿ ಕಲ್ಲು ಹಾಸಿದೆ, ಅಲ್ಲಿ ಕೆಸರು ಬರಲು ಸಾಧ್ಯವೇ ಇಲ್ಲ. ಗಿರಿಜಾ ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಚೈನಿಗೆ ಸಿಕ್ಕಿದ್ದ ತೊಗರಿ ಸಿಪ್ಪೆಯನ್ನೂ ನೆಲ್ಲಿನ ಕಾಳನ್ನೂ ಒಂದೊಂದಾಗಿ ಕಿತ್ತು ಬೊಗಸೆಯಲ್ಲಿ ಹಿಡಿದು, ಅಪ್ಪ ನೋಡುವ ಮೊದಲೇ ಕೋಳಿಗೆ ಹಾಕಿಬಂದಳು. ನನ್ನ ಕಡೆ ಒಂದು ಸಲ ನೋಡಿದಳು. ನಗಲೂ ಇಲ್ಲ. ನಕ್ಕಿದ್ದರೆ ಬೈಯಬಹುದಿತ್ತು. ಅಂದು ಮಧ್ಯಾಹ್ನ ನಾನು ಊಟ ಮಾಡಲಿಲ್ಲ.

ಇಷ್ಟಾದರೂ ಒಂದು ಆಸೆ ಉಳಿದಿತ್ತು. ಪಕ್ಕಾ ಲೈಸೆನ್ಸ್ ಇನ್ನೂ ಇಬ್ಬರಿಗೂ ಆಗಿರಲಿಲ್ಲ. ನಾನು ಪಾಸಾಗಿ ಅವಳು ಫೇಲಾದರೆ ಗಾಡಿ ಮತ್ತೆ ನನ್ನದೇ, ಮುಂದಿನ ಸೀಟೂ ನನ್ನದೇ. ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರು ಆ ತಿಂಗಳು ಲಿಂಗಸುಗೂರಿಗೆ ಬರುತ್ತಾರೆಂದು ಗೊತ್ತಾಯಿತು. ಹಿಂದಿನ ದಿನ ಸಂಜೆ ಊರಾಚೆಯ ಅಂಬಾದೇವಿ ಗುಡಿಗೆ ಒಬ್ಬಳೇ ನಡೆದುಕೊಂಡು ಹೋದೆ. ಉಡಿ ತುಂಬುತ್ತೇನೆಂದು ಹರಕೆ ಹೊರಲು ಕೈಮುಗಿದೆ. 'ಗಿರಿಜಾ ಫೇಲಾಗಲಿ' ಎಂಬುದು ನಾಲಿಗೆಯ ತುದಿಗೆ ಬಂತು, ಹೊರಗೆ ಬರಲಿಲ್ಲ. ಎಷ್ಟಾದರೂ ಹೆತ್ತ ಕರುಳು. 'ನಾನೊಬ್ಬಳೇ ಪಾಸಾಗಲಿ' ಎಂದರೂ ಅದೇ ಆಯಿತು. ಬಹಳ ಯೋಚಿಸಿ, "ತಾಯೀ, ಇಬ್ಬರಲ್ಲಿ ಒಬ್ಬರನ್ನ ಮಾತ್ರ ಪಾಸು ಮಾಡು. ಯಾರನ್ನ ಅನ್ನೂದು ನಿನಗ ಬಿಟ್ಟೀನಿ," ಎಂದೆ. ದೇವಿಗೆ ತಿಳಿಯುತ್ತದೆ ಎಂಬ ಭರವಸೆ ನನಗಿತ್ತು. ಹಿರಿಯಳು ನಾನು, ಶುಕ್ರವಾರ ಒಪ್ಪತ್ತು ಮಾಡುವವಳು ನಾನು, ಗಾಡಿಯ ಮೇಲೆ ಅವಳ ಹೆಸರು ಬರೆಸಿದವಳೂ ನಾನೇ.

ಮುಂಜಾನೆ ಮೊಪೆಡ್ಡನ್ನು ಬಸ್ಸಿನ ಟಾಪಿಗೆ ಏರಿಸಿ, ಚೀಲಗಳ ನಡುವೆ ಹಗ್ಗದಿಂದ ಬಿಗಿದು ಹೊರಟೆವು. ಗಾಡಿ ನಮ್ಮ ತಲೆಯ ಮೇಲೆ, ನಾವು ಗಾಡಿಯ ಕೆಳಗೆ. ಮಸ್ಕಿಯಲ್ಲಿ ಸುಶೀಲಾ ಬಸ್‌ಸ್ಟ್ಯಾಂಡಿಗೆ ಬಂದು, ಕಿಟಕಿಯಲ್ಲಿ ಉಂಡಿಯ ಡಬ್ಬಿ ಕೊಟ್ಟು, ಟಾಪಿನ ಕಡೆ ನೋಡಿ, "ಅಕ್ಕಾ, ಗಾಡಿ ಹೊಡಕೊಂಡು ಬರ್ತೀನಿ ಅಂದಿದ್ದಿ," ಎಂದಳು. "ಪಾಸಾಗಲಿ ತಡಿ," ಎಂದೆ.

ಲಿಂಗಸುಗೂರಿನ ಬಯಲಿನಲ್ಲಿ ಸುಣ್ಣದಿಂದ ಒಂದು ದೊಡ್ಡ ಎಂಟು ಬರೆದಿದ್ದರು. ಕಾಲು ನೆಲಕ್ಕೆ ತಾಗಿಸದೆ ಅದರ ಮೇಲೆ ಗಾಡಿ ಓಡಿಸಬೇಕು. ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಇನ್ಸ್‌ಪೆಕ್ಟರು ಚಹಾ ಕುಡಿಯುತ್ತಿದ್ದರು. "ಅವ್ವಾ, ನೀ ಮೊದಲು ಹೋಗು, ದೊಡ್ಡಾಕಿ," ಎಂದಳು ಗಿರಿಜಾ. "ಬ್ಯಾಡ, ನೀನ ಹೋಗು," ಎಂದೆ, ಅವಳು ಬೀಳುವುದನ್ನು ಕಣ್ತುಂಬ ನೋಡುವ ಆಸೆಯಿಂದ. ಅವಳು ರಂಗೋಲಿಯ ಎಳೆ ಎಳೆದ ಹಾಗೆ ಎಂಟು ಮುಗಿಸಿ ಬಂದಳು.

ನನ್ನ ಸರದಿ. ಸುಳ್ಳು ಹೇಳುವುದಿಲ್ಲ, ನಾನೂ ಚೆನ್ನಾಗಿಯೇ ಹೊರಟೆ. ಎಂಟಿನ ಮೊದಲ ಸೊನ್ನೆ ಮುಗಿಯಿತು. ಎರಡನೆಯದರ ಅರ್ಧದಲ್ಲಿ ಇನ್ಸ್‌ಪೆಕ್ಟರು ಚಹಾದ ಬಸಿಯಿಂದ ಮುಖವೆತ್ತಿ ನೇರವಾಗಿ ನನ್ನನ್ನು ನೋಡಿದರು. ಇಷ್ಟು ವರ್ಷ ಶಾಲೆಯಲ್ಲಿ ದುಡಿದವಳು ನಾನು. ಇನ್ಸ್‌ಪೆಕ್ಟರ್ ಎಂಬ ಪ್ರಾಣಿ ಮುಖವೆತ್ತಿ ನೋಡಿದರೆ ಅಕ್ಕೋರು ಏನು ಮಾಡಬೇಕೋ ಅದು ನನ್ನ ಮೈಯಲ್ಲಿ ಸೇರಿಹೋಗಿದೆ. ಎರಡೂ ಕೈ ಬಿಟ್ಟು, ಎದೆಯ ಮುಂದೆ ಜೋಡಿಸಿ, "ನಮಸ್ಕಾರ್ರೀ ಸರ್," ಎಂದೆ. ಗಾಡಿ ಎಂಟನ್ನು ಬಿಟ್ಟು ತಾನೂ ನಮಸ್ಕಾರಕ್ಕೆ ಹೊರಟಿತು. ಮೇಜಿನ ಕಾಲಿಗೆ ತಾಗಿ ಅವರ ಚಹಾ ಚೆಲ್ಲಿದ ಮೇಲೆ ನಿಂತಿತು.

ಇನ್ಸ್‌ಪೆಕ್ಟರು ಒಳ್ಳೆಯವರು. ಪ್ಯಾಂಟು ಜಾಡಿಸಿಕೊಳ್ಳುತ್ತ, "ನಮಸ್ಕಾರ್ರೀ ಅಕ್ಕೋರ. ಮುಂದಿನ ಸಲ ಇಳಿದು ಮಾಡ್ರಿ," ಎಂದರು. ಆಮೇಲೆ ಗಿರಿಜಾಳ ಕಡೆ ತಿರುಗಿ, "ಅವ್ವನ್ನ ಹಿಂದ ಕುಂದ್ರಿಸಿಕೊಂಡು ಮೆಲ್ಲಕ ಹೋಗವ್ವಾ," ಎಂದರು.

ಮರಳುವಾಗ ಮಸ್ಕಿಯಲ್ಲಿ ಸುಶೀಲಾ ಮತ್ತೆ ಕಿಟಕಿಯಲ್ಲಿ. "ಅಕ್ಕಾ, ಏನಾತು?" "ಗಿರಿಜಾ ಪಾಸಾದ್ಳು." "ನಿಂದು?" "ಬಸ್ಸು ಬಿಡಾಕತ್ತೈತಿ, ಸರಿ ಆಕಡೆ," ಎಂದೆ. ಬಸ್ಸಿನ ಡ್ರೈವರ್ ಇನ್ನೂ ಕೆಳಗೆ ಬೀಡಿ ಸೇದುತ್ತಿದ್ದ. ಅವನು ಹತ್ತುವವರೆಗೆ ನಾನು ಉಂಡಿಯ ಡಬ್ಬಿಯ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತೆ.

ಹರಕೆ ಹೊತ್ತ ಮೇಲೆ ತೀರಿಸಲೇಬೇಕು. ನಾನು ಕೇಳಿದ್ದನ್ನು ದೇವಿ ಅಕ್ಷರಕ್ಷರ ನಡೆಸಿಕೊಟ್ಟಿದ್ದಳು, ತಕರಾರು ಮಾಡಲು ಜಾಗವೇ ಇರಲಿಲ್ಲ. ಶುಕ್ರವಾರ ಕುಪ್ಪಸದ ಕಣ, ಕೊಬ್ಬರಿ ಬಟ್ಟಲು, ಅರಿಸಿನ ಕುಂಕುಮ ಬುಟ್ಟಿಯಲ್ಲಿಟ್ಟುಕೊಂಡು ಹೊರಟೆ. ಒಯ್ದವಳು ಯಾರು ಎಂದು ಬೇರೆ ಹೇಳಬೇಕೆ? ಹಿಂದಿನ ಸೀಟಿನಲ್ಲಿ ನಾನು, ತೊಡೆಯ ಮೇಲೆ ಬುಟ್ಟಿ. ಉಡಿ ತುಂಬಿ ಹೊರಗೆ ಬಂದಾಗ ಗಿರಿಜಾ ಗಾಡಿಯ ಪಕ್ಕದಲ್ಲಿ ನಿಂತು ಕೇಳಿದಳು, "ಅವ್ವಾ, ಏನಂತ ಹರಕಿ ಹೊತ್ತಿದ್ದಿ?"

"ಮತ್ತೇನು? ನೀ ಪಾಸಾಗಲಿ ಅಂತ," ಎಂದೆ. ದೇವಿಯ ಗುಡಿಯ ಮೆಟ್ಟಿಲ ಮೇಲೆಯೇ ನಿಂತಿದ್ದೆ.

ಅವಳ ಕಣ್ಣು ತುಂಬಿ ಬಂತು. "ನಾನೂ ಹೊತ್ತಿದ್ದೆ ಬೇ," ಎಂದಳು. "ನಾ ಫೇಲಾದ್ರೂ ಚಿಂತಿಲ್ಲ, ಅವ್ವ ಪಾಸಾಗಲಿ, ಚಿಕ್ಕಮ್ಮನ ಊರಿಗೆ ತಾನ ಹೊಡಕೊಂಡು ಹೋಗಲಿ ಅಂತ. ನನ್ನ ಹರಕಿ ದೇವಿಗೆ ಮುಟ್ಟಲಿಲ್ಲ ನೋಡು."

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಬಿಸಿಲು ಎಂದೆ. ಅವಳು ಗಾಡಿ ಶುರು ಮಾಡಿ, ನಾನು ಸರಿಯಾಗಿ ಕೂತೆನೇ ಎಂದು ತಿರುಗಿ ನೋಡಿ, ಖಾಲಿ ರಸ್ತೆಗೆ ಕೈ ತೋರಿಸಿ ಹೊರಟಳು. ಹದಿಹರೆಯದವರಿಗೆ ತಿಳಿವಳಿಕೆ ಇರುತ್ತದೆಯೇ ಎಂದು ಆಮೇಲೆ ನಾನು ಯಾರ ಮುಂದೆಯೂ ಚರ್ಚೆ ತೆಗೆದಿಲ್ಲ. ಆದರೆ ಅಂದು ದಾರಿಯುದ್ದಕ್ಕೂ ಅವಳ ಎರಡು ಜಡೆ ನೋಡುತ್ತ ಕೂತವಳಿಗೆ, ನಿಜ ಹೇಳುತ್ತೇನೆ, ಮತ್ತೆ ಹೊಟ್ಟೆ ಉರಿಯಿತು. ಗಾಡಿ ಹೊಡೆಯುವುದರಲ್ಲಿ ನನ್ನನ್ನು ಮೀರಿಸಿದಳು, ಹೋಗಲಿ. ಹರಕೆ ಹೊರುವುದರಲ್ಲಿಯೂ ಮೀರಿಸಬೇಕಿತ್ತೇ?